ಎರಡನೆಯ ದನಿ

"ಮೂರು ದಿನದ ಸಂಬಳ," ಅಂದಳು ರೋಡಾ, ಹಿಡಿದ ಕೈ ಬಿಡದೆ. "ಎರಡು ಟ್ಯಾಂಕ್ ಪೆಟ್ರೋಲು. ಹೋಟೆಲ್ ರೂಮು ಎರಡು ರಾತ್ರಿ. ಹೊಸ ಶೂ ಒಂದು ಜೊತೆ, ನ್ಯಾಶ್‌ವಿಲ್‌ಗೆ ನಿನ್ನ ಜೊತೆ ಹಾಡೋಕೆ ಹಳೇ ಶೂ ಹಾಕ್ಕೊಂಡು ಹೋಗೋದು ಹೇಗೆ ಅಂತ. ಊಟ ಮಾತ್ರ ನಿನ್ನಕ್ಕ ಮನೆಯಿಂದ್ಲೇ ಕಟ್ಕೊಂಡು ಹೋದ್ಲು. ನನಗೆ ಹೇಗೆ ಗೊತ್ತು ಅಂತೀಯಾ? ರಜೆ ಚೀಟಿಗೆ ಸಹಿ ಹಾಕಿದ್ದು ನಾನು."

ಡೆಸಿ ಕೈ ಬಿಡಿಸಿಕೊಳ್ಳಲು ನೋಡಿದಳು. ಅವಳ ಬೆನ್ನಿಗೆ ಎರಡು ಹೆಜ್ಜೆ ದೂರದಲ್ಲಿ ಶವಪೆಟ್ಟಿಗೆಯಲ್ಲಿ ಅಕ್ಕ ಓಪಲ್ ಮಲಗಿದ್ದಳು. ಬದುಕಿದ್ದಾಗ ಒಂದು ದಿನವೂ ಹಚ್ಚದ ಬಣ್ಣವನ್ನು ಅವಳ ತುಟಿಗೆ ಯಾರೋ ಹಚ್ಚಿದ್ದರು. ಕೊನೆಯ ದರ್ಶನಕ್ಕೆ ಬಂದವರ ಸಾಲು ಬಾಗಿಲು ದಾಟಿ ಕಾರು ನಿಲ್ಲಿಸುವ ಜಾಗದವರೆಗೆ ಹೋಗಿತ್ತು. ಓಪಲ್ ಹಿಕರಿ ಫೋರ್ಕ್ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಆ ಸಾಲಿನಲ್ಲಿ ನಿಂತ ಅರ್ಧ ಜನ ಅವಳ ಕೈಯ ಊಟ ಉಂಡು ಬೆಳೆದವರು. ರೋಡಾ ಆ ಅಡುಗೆಮನೆಯ ಯಜಮಾನತಿ.

"ಖರ್ಚು ನಾನು ಕೊಡ್ತೀನಿ ಅಂದೆ ರೋಡಾ. ಅವಳೇ ಬೇಡ ಅಂದ್ಲು."

"ಅವಳು ಯಾವತ್ತು ಏನು ಬೇಕು ಅಂದಿದಾಳೆ ಹೇಳು." ರೋಡಾ ಪೆಟ್ಟಿಗೆಯ ಕಡೆ ನೋಡಿ, ಮತ್ತೆ ಡೆಸಿಯ ಕಡೆ ತಿರುಗಿದಳು. "ಆಲ್ಬಮ್ ಕೇಳಿದ್ವಿ ಕಣೇ. ಬಿಡುಗಡೆ ಆದ ದಿನಾನೇ. ಶುಕ್ರವಾರ, ಮಕ್ಕಳ ಊಟ ಮುಗಿದ ಮೇಲೆ, ಅಡುಗೆಮನೇಲಿ."

"ಅಕ್ಕ ಇದ್ಲಾ ಆಗ?" ಅಂದಳು ಡೆಸಿ.

"ಅವಳೇ ಹಾಕಿದ್ದು."

ಹಿಂದೆ ಯಾರೋ ಕೆಮ್ಮಿದರು. ಸಾಲು ಮುಂದಕ್ಕೆ ಒತ್ತಿತು. "ಊಟಕ್ಕೆ ಸಿಗ್ತೀಯಲ್ಲ, ಮಾತಾಡೋಣ," ಎಂದು ರೋಡಾ ಕೈ ಬಿಟ್ಟಳು.

ಆಮೇಲೆ ಬಂದವರು ಏನು ಹೇಳಿದರು, ತಾನು ಏನು ಹೇಳಿದೆ ಎಂಬುದು ಡೆಸಿಗೆ ನೆನಪಿಲ್ಲ. ಓಪಲ್‌ಳ ಹೃದಯ ನಿಂತದ್ದು ಭಾನುವಾರ ಬೆಳಗ್ಗೆ. ಶನಿವಾರ ಸಂಜೆ, ಲೆಕ್ಸಿಂಗ್‌ಟನ್‌ನಲ್ಲಿ ವೇದಿಕೆ ಹತ್ತುವ ಮುಂಚೆ, ಅವಳೇ ಫೋನ್ ಮಾಡಿದ್ದಳು. ಬಿಸಿನೀರಿಗೆ ಜೇನು ಹಾಕಿ ಕುಡಿ ಅಂದಿದ್ದಳು. ಜನ ಬಂದಿದಾರಾ ಅಂತ ಕೇಳಿದ್ದಳು. ಆಲ್ಬಮ್ ಬಗ್ಗೆ ಒಂದು ಮಾತೂ ಇಲ್ಲ. ಸದ್ಯ, ಇನ್ನೂ ಕೇಳಿಲ್ಲ, ಮುಂದಿನ ವಾರ ನಾನೇ ಹೋಗಿ ಎದುರು ಕೂತು ಹೇಳಿದರಾಯಿತು ಎಂದು ಡೆಸಿ ಹಗುರಾಗಿ ವೇದಿಕೆ ಹತ್ತಿದ್ದಳು.

ಕೇಳಿದ್ದಳು. ಒಂದು ದಿನ ಮುಂಚೆಯೇ ಕೇಳಿದ್ದಳು. ಕೇಳಿ ಏನಂದಳು, ಯಾರ ಎದುರು ಅಂದಳು ಎಂಬುದೊಂದೇ ಈಗ ಡೆಸಿಗೆ ಬೇಕಾಗಿತ್ತು. ಅದನ್ನು ಯಾರ ಬಾಯಿಂದಲೂ ಕೇಳಲು ಧೈರ್ಯವಿರಲಿಲ್ಲ.

* * *

ಅವರ ಕಣಿವೆಯ ಚರ್ಚಿನಲ್ಲಿ ವಾದ್ಯ ಇಲ್ಲ. ಹಿರಿಯನೊಬ್ಬ ಎದ್ದು ಹಾಡಿನ ಒಂದು ಸಾಲು ಹೇಳಿಕೊಡುತ್ತಾನೆ, ಉಳಿದವರು ಅದನ್ನೇ ಎಳೆದು ಎಳೆದು ಒಂದೇ ದನಿಯಲ್ಲಿ ಹಾಡುತ್ತಾರೆ. ಅಲ್ಲಿ ಮೇಲೊಂದು ಕೆಳಗೊಂದು ದನಿ ಹೆಣೆಯುವ ಹಾಗಿಲ್ಲ. ಅದು ಹಾಡುವವರ ಮೆರೆದಾಟ, ದೇವರಿಗೆ ಬೇಡದ್ದು.

ಅಕ್ಕತಂಗಿಯರು ಹಾಗೆ ದನಿ ಹೆಣೆಯಲು ಕಲಿತದ್ದು ಮನೆಯ ಜಗುಲಿಯಲ್ಲಿ, ಬೀನ್ಸ್ ನಾರು ಬಿಡಿಸುತ್ತಾ. ಡೆಸಿಗೆ ಆರು, ಓಪಲ್‌ಗೆ ಹದಿನೈದು. ಚಿಕ್ಕವಳು ಹಾಡು ಎತ್ತಿಕೊಂಡರೆ ದೊಡ್ಡವಳು ಅದರ ಪಕ್ಕಕ್ಕೆ ತನ್ನ ದನಿ ಹಚ್ಚುತ್ತಿದ್ದಳು, ಏಣಿ ಹತ್ತುವವರ ಕೆಳಗೆ ನಿಂತು ಏಣಿ ಹಿಡಿದ ಹಾಗೆ. ಕೇಳಿದವರಿಗೆ ಇಬ್ಬರು ಹಾಡುತ್ತಿದ್ದಾರೆ ಎಂದು ತಿಳಿಯಲು ಹೊತ್ತು ಬೇಕಾಗುತ್ತಿತ್ತು.

ಡೆಸಿ ಹಾಡು ಕಟ್ಟಲು ತೊಡಗಿದ ಮೇಲೂ ಹಾಗೆಯೇ ನಡೆಯಿತು. ಮೊದಲ ಆಲ್ಬಮ್ ಆದದ್ದು ಎಂಟು ವರ್ಷದ ಹಿಂದೆ, ಓಪಲ್‌ಳ ಮನೆಯ ಮುಂಗೋಣೆಯಲ್ಲಿ. ಕಿಟಕಿಗಳಿಗೆ ಕೌದಿ ಹೊಡೆದು, ನಡುವೆ ಒಂದೇ ಒಂದು ಮೈಕ್ ನಿಲ್ಲಿಸಿ, ನಾಲ್ಕು ದಿನದಲ್ಲಿ ಮುಗಿಸಿದರು. ಸದ್ದು ಬರುತ್ತದೆ ಎಂದು ಫ್ರೀಜರಿನ ತಂತಿ ಕಿತ್ತಿಟ್ಟಿದ್ದರು. ಮತ್ತೆ ಸಿಕ್ಕಿಸುವುದು ಮರೆತು ಒಂದು ಇಡೀ ಜಿಂಕೆಯ ಮಾಂಸ ಕೊಳೆತುಹೋಯಿತು. "ನನ್ನ ಹೆಂಡತಿ ಹಾಡಿದ್ದು ಒಂದು ಜಿಂಕೆಗೆ ಸಮ," ಎಂದು ಓಪಲ್‌ಳ ಗಂಡ ಆರ್ವಿಲ್ ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಆಲ್ಬಮ್‌ಗೆ ಒಂದಿಷ್ಟು ಹೆಸರು ಬಂತು. ಶುಕ್ರವಾರ ಶನಿವಾರ ಬಿಯರ್ ಮಾರುವ ಜಾಗಗಳಲ್ಲಿ ಹಾಡಲು ಕರೆದರು. ಓಪಲ್ ಅಡುಗೆಮನೆಯ ಏಪ್ರನ್ ಬಿಚ್ಚಿಟ್ಟು ತಂಗಿಯ ಕಾರು ಹತ್ತುತ್ತಿದ್ದಳು. ಆರು ತಿಂಗಳಿಗೆ ಚರ್ಚಿನವರು ಅವಳನ್ನು ಕರೆಸಿದರು. ಗಿಟಾರಿನ ಜೊತೆ, ಕುಡಿಯುವವರ ಎದುರು ಹಾಡಿದ್ದು ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. ಓಪಲ್ ಎದ್ದು ನಿಂತು, "ತಪ್ಪಾಯ್ತು ಅನ್ನೋಕೆ ಬಾಯಿ ಬರ್ತಿಲ್ಲ. ನಮ್ಮ ಹುಡುಗಿಗೆ ಒಬ್ಬಳಿಗೇ ಹಾಡೋಕಾಗಲ್ಲ," ಅಂದಳು. ಜನ ಕೈ ಎತ್ತಿದರು. ಚರ್ಚಿನ ಪಟ್ಟಿಯಿಂದ ಅವಳ ಹೆಸರು ತೆಗೆದರು.

ಡೆಸಿ ಆ ಚರ್ಚಿಗೆ ಸೇರಿದವಳೇ ಅಲ್ಲ. ಅವಳು ಕಳೆದುಕೊಂಡದ್ದು ಏನೂ ಇರಲಿಲ್ಲ.

* * *

ಗುಂಡಿಯನ್ನು ಆರು ಜನ ಗಂಡಸರು ಮಂಗಳವಾರದಿಂದ ಕೈಯಲ್ಲೇ ತೋಡಿದ್ದರು. ಯಂತ್ರ ಆ ಗುಡ್ಡ ಹತ್ತುವುದಿಲ್ಲ, ಹತ್ತಿದರೂ ಇವರು ಬಿಡುವುದಿಲ್ಲ. ಮಣ್ಣು ಕೆಂಪಗೆ, ಒದ್ದೆಯಾಗಿ ಪಕ್ಕದಲ್ಲಿ ಬಿದ್ದಿತ್ತು. ಬ್ರದರ್ ಹಾಬರ್ಟ್ ಟೋಪಿ ತೆಗೆದು, ಕಣ್ಣು ಮುಚ್ಚಿ, ಮೊದಲ ಸಾಲು ಹೇಳಿಕೊಟ್ಟ. ಓಪಲ್‌ಳ ಹೆಸರು ತೆಗೆದ ಚರ್ಚಿನ ಪಾದ್ರಿ, ಎಂಬತ್ತರ ಮುದುಕ. ಅವನು ಪಾದ್ರಿಯಾಗಿ ಬರಲಿಲ್ಲ, ನೆರೆಯವನಾಗಿ ಬಂದಿದ್ದ. ಜನ ಎಳೆದು ಹಾಡಿದರು. ಡೆಸಿ ತುಟಿ ಆಡಿಸಿದಳು, ಅಷ್ಟೆ.

ಮಣ್ಣು ಹಾಕಿ ಮುಗಿದ ಮೇಲೆ ಮುದುಕ ಕೋಲು ಊರುತ್ತಾ ಅವಳ ಹತ್ತಿರ ಬಂದ.

"ನಿನ್ನ ಹಾಡು ಚೆನ್ನಾಗಿ ನಡೀತಿದೆ ಅಂತೆ. ಪೇಪರಲ್ಲಿ ಬಂದಿದೆ ಅಂತ ನನ್ನ ಮೊಮ್ಮಗಳು ಹೇಳಿದ್ಲು."

"ಹೂಂ, ಬ್ರದರ್ ಹಾಬರ್ಟ್. ಸ್ವಲ್ಪ ಬಂದಿದೆ."

"ನಿನಗೆ ಇದು ಗೊತ್ತಿದೆಯೋ ಇಲ್ವೋ. ಹೋದ ಬೇಸಿಗೇಲಿ ನಿನ್ನಕ್ಕ ಬಂದು, ಮತ್ತೆ ಸೇರಿಸ್ಕೊಳ್ಳಿ ಅಂತ ಕೇಳಿದ್ಲು. ಒಪ್ಪಿದ್ವಿ. ಒಂದು ದಿನ ಗೊತ್ತು ಮಾಡಿದ್ವಿ. ಆ ದಿನಕ್ಕೆ ಒಂದು ವಾರ ಇದೆ ಅನ್ನುವಾಗ ಬಂದು ಬೇಡ ಅಂದ್ಲು. ತಂಗಿ ಎರಡನೇ ಆಲ್ಬಮ್ ಮಾಡ್ತಿದಾಳೆ, ಕರೆದಿದಾಳೆ, ಸೇರ್ಕೊಂಡು ಮತ್ತೆ ಹಾಡೋಕೆ ಹೋದ್ರೆ ನಿಮಗೆ ಮೋಸ ಮಾಡಿದ ಹಾಗೆ, ಅಂದ್ಲು." ಅವನು ಟೋಪಿ ಹಾಕಿಕೊಂಡ. "ನೇರ ಹೆಂಗಸು. ನೀನು ಅವಳನ್ನ ಕರೆದಿದ್ದು ಒಳ್ಳೇದೇ ಆಯ್ತು. ಕೊನೇ ಸಲ ಹಾಡಿದ್ದಾದ್ರೂ ಉಳೀತು."

ಡೆಸಿ ತಲೆ ಆಡಿಸಿದಳು.

ಗುಡ್ಡ ಇಳಿಯುವಾಗ ಆರ್ವಿಲ್ ಅವಳ ಭುಜ ಹಿಡಿದುಕೊಂಡ. ಗಣಿಯ ಧೂಳು ಅವನ ಎದೆಯೊಳಗೆ ಕೂತು ಇಪ್ಪತ್ತು ವರ್ಷವಾಗಿತ್ತು. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು.

"ಭಾವ," ಅಂದಳು ಡೆಸಿ, ಮೂರನೆಯ ಸಲ ನಿಂತಾಗ. "ಶುಕ್ರವಾರ ಅಕ್ಕ ಹೇಗಿದ್ಲು?"

"ಶುಕ್ರವಾರಾನಾ?" ಅವನು ಉಸಿರು ಕೂಡಿಸಿಕೊಂಡ. "ಕೆಲಸ ಮುಗಿಸಿ ಬಂದವಳು ಕಾರಿಂದ ಇಳೀಲಿಲ್ಲ. ಅರ್ಧ ಗಂಟೆ. ನಾನು ಕಿಟಕೀಲಿ ನೋಡ್ತಿದ್ದೆ. ನಿನ್ನ ಹಾಡಿನ ಪ್ಲೇಟು ಕೇಳ್ತಾ ಕೂತಿದಾಳೆ, ಕೇಳ್ಲಿ ಅಂದ್ಕೊಂಡೆ."

"ಆಮೇಲೆ?"

"ಆಮೇಲೆ ಬಂದು ಬೀನ್ಸ್ ಬೇಯೋಕಿಟ್ಳು. ಹೇಗಿದೆಯೇ ಅಂದೆ. 'ಚೆನ್ನಾಗಿ ಹಾಡಿದಾಳೆ ಡೆಸಿ' ಅಂದ್ಲು. ನನಗೂ ಕೇಳಿಸು ಅಂದ್ರೆ, 'ಆಮೇಲೆ, ಆಮೇಲೆ' ಅಂತಾನೇ ಮುಂದೂಡಿದ್ಲು." ಅವನು ಮತ್ತೆ ನಡೆಯತೊಡಗಿದ. "ಇವತ್ತು ಕೇಳಿಸ್ತಾರಂತೆ, ಊಟದ ಹೊತ್ತಿಗೆ. ರೋಡಾ ಹೇಳಿದ್ಲು. ನೀನೇನು ಹೇಳ್ತೀಯಾ? ಇವತ್ತಿನ ದಿನ ಅವಳ ದನಿ ಕೇಳಿದ್ರೆ ನಾನು ತಡ್ಕೋತೀನಾ?"

* * *

ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಓಪಲ್ ಮೂರು ದಿನ ನಿಂತು ಹಾಡಿದ್ದಳು. ಹನ್ನೊಂದು ಹಾಡು. ಹೊಸ ಶೂ ಕಚ್ಚುತ್ತದೆ ಎಂದು ಬಿಚ್ಚಿಟ್ಟು ಬರೀ ಕಾಲಿನಲ್ಲಿ ನಿಂತಿದ್ದಳು. ಧ್ವನಿ ಹಿಡಿಯುವ ಹುಡುಗರಿಗೆಲ್ಲ ಮನೆಯಿಂದ ತಂದ ಕಾರ್ನ್‌ಬ್ರೆಡ್ ಹಂಚಿದ್ದಳು. ಮೂರನೆಯ ದಿನ ಸಂಜೆ ಹೊರಟವಳು ಐದು ಗಂಟೆ ಕಾರು ಓಡಿಸಿಕೊಂಡು ಹೋಗಿ, ಬೆಳಗ್ಗೆ ಆರಕ್ಕೆ ಶಾಲೆಯ ಒಲೆ ಹಚ್ಚಿದಳು.

ಹದಿನೈದು ದಿನ ಬಿಟ್ಟು, ಆಲ್ಬಮ್ ಮಾಡಿಸುತ್ತಿದ್ದ ಬ್ರೆಂಟ್ ಡೆಸಿಯನ್ನು ಕೂರಿಸಿಕೊಂಡು, ಕಣ್ಣು ಮುಚ್ಚಿ ಕೇಳು ಅಂದ. "ಹಿಂಬಾಗಿಲ ದೀಪ" ಎಂಬ ಮೂರನೆಯ ಹಾಡು. ಡೆಸಿ ಹರೆಯದಲ್ಲಿ ಕುಡಿದು ಹೊತ್ತು ಮೀರಿ ಮನೆಗೆ ಬರುತ್ತಿದ್ದ ಕಾಲಕ್ಕೆ, ಅಪ್ಪನಿಗೆ ಗೊತ್ತಾಗದ ಹಾಗೆ ಹಿಂದಿನ ಬಾಗಿಲಲ್ಲಿ ದೀಪ ಉರಿಸಿಟ್ಟವಳು ಓಪಲ್. ಆ ಹಾಡು ಅವಳ ಕುರಿತೇ. ಬ್ರೆಂಟ್ ಕೇಳಿಸಿದ್ದರಲ್ಲಿ ಡೆಸಿಯ ದನಿ ಮಾತ್ರ ಇತ್ತು.

"ಗೊತ್ತಾಯ್ತಾ?" ಅಂದ. "ಈಗ ನೀನು ಕೋಣೇಲಿ ಒಬ್ಬಳೇ ಇದೀಯ. ಕೇಳೋನು ನಿನ್ನನ್ನೇ ನೋಡ್ತಾನೆ. ಇಬ್ಬರಿದ್ರೆ ಅದು ಮನೆಯವರ ಫೋಟೋ ಆಗುತ್ತೆ. ಚೆನ್ನಾಗಿರುತ್ತೆ, ಆದ್ರೆ ಗೋಡೆಗೆ ಹಾಕ್ಕೊಳ್ಳೋದು ಅವರ ಮನೆಯವರು ಮಾತ್ರ."

ಆಮೇಲೆ ಡೆಸಿ ತನಗೆ ತಾನೇ ಎಷ್ಟೋ ಸಮಾಧಾನ ಹೇಳಿಕೊಂಡಳು. ಅವರು ಒತ್ತಾಯ ಮಾಡಿದರು, ಇದು ವ್ಯಾಪಾರ, ತನ್ನ ಕೈಯಲ್ಲಿ ಇರಲಿಲ್ಲ ಎಂದು. ಒಂದೂ ನಿಜವಲ್ಲ. ಬ್ರೆಂಟ್ ಕೇಳಿದ್ದ, ಅವಳು ಬೇಡ ಎಂದಿದ್ದರೆ ಬಿಡುತ್ತಿದ್ದ. ನಿಜವೆಂದರೆ ಅದು ಅವಳಿಗೆ ಇಷ್ಟವಾಯಿತು. ನಲವತ್ತೊಂಬತ್ತು ವರ್ಷಕ್ಕೆ ಮೊದಲ ಸಲ ತನ್ನ ದನಿ ತಾನೊಂದೇ ನಿಂತದ್ದನ್ನು ಕೇಳಿದ್ದಳು. "ಸರಿ" ಅಂದಳು. ಹನ್ನೊಂದು ಹಾಡಿನಿಂದಲೂ ಓಪಲ್‌ಳ ದನಿ ಹೋಯಿತು.

"ಹೇಗೆ ಬಂತೇ?" ಎಂದು ಓಪಲ್ ವಾರಕ್ಕೊಮ್ಮೆ ಕೇಳುತ್ತಿದ್ದಳು. "ಇನ್ನೂ ಕೆಲಸ ನಡೀತಿದೆ ಅಕ್ಕ," ಎಂದು ಇವಳು. ಆಲ್ಬಮ್‌ನ ಬೆನ್ನಿಗೆ, ಸಣ್ಣ ಅಕ್ಷರದಲ್ಲಿ, "ನನ್ನ ಅಕ್ಕ ಓಪಲ್‌ಗೆ, ಎಲ್ಲಕ್ಕೂ" ಎಂದು ಅಚ್ಚು ಹಾಕಿಸಿದ್ದಳು. ಎಲ್ಲಕ್ಕೂ ಎಂದರೆ ಏನೇನು ಎಂದು ಅಲ್ಲಿ ಬರೆದಿರಲಿಲ್ಲ.

* * *

ಶಾಲೆಗೆ ವಸಂತದ ರಜೆ. ಊಟದ ಹಾಲ್‌ನಲ್ಲಿ ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಊರಿನ ದೊಡ್ಡವರು ಮೊಣಕಾಲು ಎದೆಗೆ ತಾಗುವ ಹಾಗೆ ಕೂತಿದ್ದರು. ಮನೆಮನೆಯಿಂದ ಬಂದ ಪಾತ್ರೆಗಳು ಸಾಲಾಗಿದ್ದವು. ಕರಿದ ಕೋಳಿ, ಬೀನ್ಸ್, ಒಣ ಸೇಬು ಹಚ್ಚಿದ ಏಳು ಪದರದ ಕೇಕು. ಡೆಸಿಯ ತಟ್ಟೆಗೆ ಯಾರೋ ಎಲ್ಲವನ್ನೂ ಬಡಿಸಿ ತಂದಿಟ್ಟರು. ಅವಳು ಫೋರ್ಕಿನಿಂದ ಕೋಳಿಯನ್ನು ಈ ಕಡೆಯಿಂದ ಆ ಕಡೆಗೆ ತಳ್ಳುತ್ತಿದ್ದಳು.

ಲವೋನ್ ಎಂಬ ಅಡುಗೆಮನೆಯ ದಪ್ಪ ಹೆಂಗಸು ಎರಡು ದೊಡ್ಡ ಸ್ಪೀಕರುಗಳನ್ನು ಎಳೆದುಕೊಂಡು ಬಂದು ಗೋಡೆಯ ಎರಡು ಮೂಲೆಗೆ ನಿಲ್ಲಿಸಿದಳು. ರೋಡಾ ಕೈ ಒರೆಸಿಕೊಳ್ಳುತ್ತಾ ಡೆಸಿಯ ಎದುರು ಕೂತಳು. ಆರ್ವಿಲ್ ಪಕ್ಕದಲ್ಲೇ ಇದ್ದ.

"ಶುಕ್ರವಾರ ಏನಾಯ್ತು ಗೊತ್ತಾ," ಅಂದಳು ರೋಡಾ, ಮಾಮೂಲಿ ದನಿಯಲ್ಲಿ. "ನಾವು ಐದು ಜನ ಪಾತ್ರೆ ಎಲ್ಲ ಹಾಗೇ ಬಿಟ್ಟು ಕೂತ್ವಿ. ಫ್ರೀಜರ್ ಮೇಲೆ ನಮ್ಮ ಹಳೇ ಹಾಡಿನ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಓಪಲ್ ಹಾಕಿದ್ಲು. ಮೊದಲ ಹಾಡು ಆಯ್ತು. ನಿನ್ನ ದನಿ ಬಂತು, ಇವಳದ್ದಿಲ್ಲ. ಎರಡನೇದು, ಅದರಲ್ಲೂ ಇಲ್ಲ. ಲವೋನ್ ಕೇಳೇಬಿಟ್ಲು, ನೀನೆಲ್ಲಿ ಹೋದೆಯೇ ಅಂತ."

"ಏನಂದ್ಲು?" ಡೆಸಿಯ ಬಾಯಿಂದ ಕೇಳಿಯೂ ಕೇಳದ ಹಾಗೆ ಬಂತು.

"'ಈ ಪೆಟ್ಟಿಗೆಯ ಎಡಗಡೆ ಸ್ಪೀಕರ್ ಸತ್ತಿದೆ ಕಣ್ರೇ. ನನ್ನ ದನಿ ಇರೋದು ಆ ಕಡೆ,' ಅಂದ್ಲು. ನಕ್ಕು ಅಂದ್ಲು. ಹನ್ನೊಂದು ಹಾಡೂ ಮುಗಿಯೋವರೆಗೂ ಕೂತಿದ್ಲು. ಅದಕ್ಕೇ ಇವತ್ತು ಒಳ್ಳೇ ಸ್ಪೀಕರ್ ತರಿಸಿದೀನಿ. ಎರಡು ಕಡೆನೂ ಸರಿ ಇದೆ. ಹಾಕ್ಲಾ?"

ಆರ್ವಿಲ್ ಮೊಣಕಾಲ ಮೇಲೆ ಕೈ ಊರಿ ಮುಂದಕ್ಕೆ ಬಾಗಿದ. ಹಾಲ್‌ನಲ್ಲಿ ಮಾತು ಕಡಿಮೆಯಾಯಿತು. ಡೆಸಿ ಎಲ್ಲರ ಮುಖ ನೋಡಿದಳು.

"ಅದು," ಅಂದಳು, "ಅಕ್ಕನ ದನಿ ಸ್ವಲ್ಪ ಹಿಂದಕ್ಕಿದೆ. ಮೆಲ್ಲಗೆ ಇಟ್ಟಿದಾರೆ. ಈ ಗಲಾಟೇಲಿ ಕೇಳ್ಸಲ್ಲ."

"ಗಲಾಟೆ ಎಲ್ಲಿದೆ?" ಅಂದಳು ಲವೋನ್.

ನಿಜಕ್ಕೂ ಇರಲಿಲ್ಲ. ಸತ್ತವಳ ದನಿ ಕೇಳಲು ನಲವತ್ತು ಜನ ಫೋರ್ಕು ಕೆಳಗಿಟ್ಟಿದ್ದರು.

"ಎಷ್ಟು ಮೆಲ್ಲಗಿದ್ರೂ ನನಗೆ ಕೇಳ್ಸುತ್ತೆ," ಅಂದ ಆರ್ವಿಲ್. "ಹಾಕಿ."

"ಬೇಡ ಭಾವ." ಡೆಸಿ ಅವನ ಕೈ ಹಿಡಿದಳು. "ಇಲ್ಲ ಅದರಲ್ಲಿ. ಅಕ್ಕನ ದನಿ ಇಲ್ಲ. ಅವರು ತೆಗೆದ್ರು."

"ಯಾರು ಅವರು?" ಅಂದಳು ರೋಡಾ.

ಡೆಸಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನು ಕೇಳಿದ್ದು ನಿನ್ನನ್ನ," ಅಂದಳು ರೋಡಾ.

"ನಾನು ಸರಿ ಅಂದೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಳಲು ಒಂದು ದಾರಿ ಸಿಗುತ್ತಿತ್ತು. ಆರ್ವಿಲ್ ತನ್ನ ಕೈಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ, ಕುರುಡರು ಏನನ್ನೋ ಹುಡುಕುವ ಹಾಗೆ ಟೋಪಿ ಹುಡುಕಿಕೊಂಡ, ಎದ್ದು ಬಾಗಿಲ ಕಡೆ ನಡೆದ. ಹತ್ತು ಹೆಜ್ಜೆಗೆ ನಿಂತ. ಮತ್ತೆ ನಡೆದ. ಯಾರೋ ಹಿಂದೆ ಹೋದರು.

ರೋಡಾ ಸ್ಪೀಕರಿನ ತಂತಿ ಕಿತ್ತು ಸುತ್ತತೊಡಗಿದಳು. "ಆ ಪೆಟ್ಟಿಗೆಯ ಎರಡು ಕಡೆನೂ ಸರಿ ಇತ್ತು," ಅಂದಳು. "ಕ್ರಿಸ್‌ಮಸ್‌ಗೆ ರಿಪೇರಿ ಮಾಡಿಸಿದ್ದು ನಾನೇ. ಓಪಲ್‌ಗೂ ಗೊತ್ತು, ನಮಗೆಲ್ಲರಿಗೂ ಗೊತ್ತು. ಅವಳು ಹಾಗಂದ್ಲು, ನಾವು ಹೂಂ ಅಂದ್ವಿ. ಹೂಂ ಅನ್ನದೆ ಅವಳ ಮುಖ ಹೇಗೆ ನೋಡೋದು?"

"ಹಾಗಾದ್ರೆ ಇವತ್ತು ಯಾಕೆ..."

"ಅವಳು ನಿನ್ನ ಮಾನ ಉಳಿಸೋಕೆ ಸುಳ್ಳು ಹೇಳಿದ್ಲು. ನೀನು ಏನು ಹೇಳ್ತೀಯಾ ಅಂತ ನೋಡಬೇಕಿತ್ತು. ನೋಡಿದೆ." ಸುತ್ತಿದ ತಂತಿಯನ್ನು ಲವೋನ್‌ಳ ಕೈಗೆ ಕೊಟ್ಟಳು. "ಊಟ ಮಾಡು, ಆರಿ ಹೋಗ್ತಿದೆ."

ಜನ ಒಬ್ಬೊಬ್ಬರಾಗಿ ಪಾತ್ರೆ ಎತ್ತಿಕೊಂಡು ಹೊರಟರು. ಹೋಗುವಾಗ ಕೆಲವರು ಡೆಸಿಯ ಭುಜ ಮುಟ್ಟಿದರು, ಕೆಲವರು ಮುಟ್ಟಲಿಲ್ಲ. ಅವಳ ಫೋನು ಜೇಬಿನಲ್ಲಿ ನಡುಗಿತು. ಬ್ರೆಂಟ್ ಯಾವುದೋ ಪತ್ರಿಕೆ ಬರೆದದ್ದನ್ನು ಕಳಿಸಿದ್ದ. ಒಂಟಿತನಕ್ಕೆ ಇಷ್ಟು ನಿಜವಾದ ದನಿ ಈಚೆಗೆ ಕೇಳಿಲ್ಲ ಎಂದಿತ್ತು. ಅವಳು ಕೊನೆಯವರೆಗೂ ಓದಿದಳು. ಈ ದಿನವೂ ಓದಿದಳಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಅಡುಗೆಮನೆಯಲ್ಲಿ ನೀರು ಬಿಟ್ಟ ಸದ್ದು ಕೇಳಿಸಿತು. ಡೆಸಿ ಎದ್ದು ಅಲ್ಲಿಗೆ ಹೋದಳು. ಐದು ಹೆಂಗಸರು ಉದ್ದದ ತೊಟ್ಟಿಯ ಮುಂದೆ ನಿಂತು ತಟ್ಟೆ ತೊಳೆಯುತ್ತಿದ್ದರು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರು, ಬೇಕೆಂದೋ ಅಭ್ಯಾಸದಿಂದಲೋ. ಅವಳು ಆ ಜಾಗಕ್ಕೆ ಹೋಗಲಿಲ್ಲ. ಬಟ್ಟೆಯೊಂದನ್ನು ತೆಗೆದುಕೊಂಡು ತುದಿಯಲ್ಲಿ ನಿಂತು ತಟ್ಟೆ ಒರೆಸತೊಡಗಿದಳು. ಯಾರೂ ಬೇಡ ಅನ್ನಲಿಲ್ಲ.

ಸ್ವಲ್ಪ ಹೊತ್ತಿಗೆ ಲವೋನ್ ಗುನುಗಿದಳು. ಇನ್ನೊಬ್ಬಳು ಸೇರಿದಳು, ಆಮೇಲೆ ಉಳಿದವರೂ. ಹಾಡಿನ ಮಾತಿನ ಗುರುತು ಸಿಕ್ಕಿತು, ಹಿಂಬಾಗಿಲ ದೀಪ. ರಾಗದ ಗುರುತು ಸಿಗಲಿಲ್ಲ. ಅದು ಹಾಡು ಹೋಗಬೇಕಾದ ಕಡೆ ಹೋಗದೆ ಪಕ್ಕದಲ್ಲೇ ನಡೆಯುತ್ತಿತ್ತು, ಏರುವಲ್ಲಿ ನಿಂತು, ನಿಲ್ಲುವಲ್ಲಿ ಇಳಿದು. ಎರಡು ಸಾಲು ಕಳೆದ ಮೇಲೆ ಡೆಸಿಗೆ ಹೊಳೆಯಿತು. ಇದು ಓಪಲ್ ಹಾಡುತ್ತಿದ್ದ ಎರಡನೆಯ ದನಿ. ನ್ಯಾಶ್‌ವಿಲ್‌ಗೆ ಹೋಗುವ ಮುಂಚೆ ತಿಂಗಳುಗಟ್ಟಲೆ ಓಪಲ್ ಈ ತೊಟ್ಟಿಯ ಮುಂದೆ ನಿಂತು ತನ್ನ ಭಾಗವನ್ನು ರೂಢಿ ಮಾಡಿಕೊಂಡಿದ್ದಳು. ಪಕ್ಕದಲ್ಲಿ ನಿಂತವರು ಕೇಳಿ ಕೇಳಿ ಕಲಿತಿದ್ದರು. ಹಾಡು ಇರುವುದೇ ಹೀಗೆ ಎಂದು ಕಲಿತಿದ್ದರು.

ಮೂರನೆಯ ಸಾಲಿನ ಕೊನೆಗೆ ಡೆಸಿಗೆ ಯಾವಾಗಲೂ ಉಸಿರು ಸಾಲುತ್ತಿರಲಿಲ್ಲ. ಐದು ಜನವೂ ಅಲ್ಲಿ ಒಂದೇ ಸ್ವರವನ್ನು ಹಿಡಿದು, ನಾಲ್ಕು ಎಣಿಸುವಷ್ಟು ಹೊತ್ತು, ಕಾದು ನಿಂತರು. ಯಾರ ಉಸಿರಿಗೆ ಕಾಯುತ್ತಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ. ಓಪಲ್ ಅಲ್ಲಿ ಹಾಗೆ ನಿಲ್ಲುತ್ತಿದ್ದಳು, ಅಷ್ಟೆ.

ಡೆಸಿ ಬಾಯಿ ತೆರೆದಳು.

"ನೀನು ಬೇಡ," ಅಂದಳು ರೋಡಾ, ತಿರುಗದೆ, ಸಿಟ್ಟಿಲ್ಲದೆ. "ನಿನ್ನ ದನಿ ಆಲ್ಬಮ್ಮಲ್ಲಿದೆಯಲ್ಲ."

ಅವರು ಮುಂದಿನ ಹಾಡು ಎತ್ತಿಕೊಂಡರು. ಡೆಸಿ ತಟ್ಟೆ ಒರೆಸಿದಳು. ಅವಳಿಗೆ ಒಂದು ಆಲ್ಬಮ್ ಆಗಿತ್ತು, ಒಳ್ಳೆಯ ಹೆಸರು ಬಂದಿತ್ತು. ಓಪಲ್‌ಳ ಹನ್ನೊಂದು ಹಾಡು ಈ ಐದು ಹೆಂಗಸರ ಬಾಯಲ್ಲಿ ಉಳಿದಿತ್ತು, ಅದರಲ್ಲಿ ಡೆಸಿಗೆ ಜಾಗವಿರಲಿಲ್ಲ.